ಬೊಳ್ಳಿ ಊಟ ಬಿಟ್ಟದ್ದು

ಬೊಳ್ಳಿ ಊಟ ಬಿಟ್ಟ ಐದನೆಯ ದಿನಕ್ಕೆ ಮೂಡುಬಿದಿರೆಯ ಬಸದಿ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅದಕ್ಕೆ ಕೈಮುಗಿಯಲು ಶುರುಮಾಡಿದರು. ಬೆಕ್ಕಿಗೆ! ನಗುವವರು ನಗಲಿ, ಆ ಬೀದಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಪುಷ್ಪಾವತಿಯಮ್ಮನ ಜಗಲಿಯ ಮೂಲೆಯಲ್ಲಿ, ಮೈ ಒರೆಸುವ ಹಳೆಯ ಬೈರಾಸಿನ ಮೇಲೆ, ಮುಂಗಾಲು ಮಡಚಿ ಕಣ್ಣು ಅರೆಮುಚ್ಚಿ ಕೂತಿದ್ದ ಆ ಬಿಳಿ ಬೆಕ್ಕು ಹಾಲನ್ನದ ಬಟ್ಟಲಿಗೆ ಮುಖ ತಿರುಗಿಸುವುದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. “ಹೇಮರಾಜಣ್ಣನ ಬೆಕ್ಕಲ್ಲವಾ, ಅವರ ದಾರಿಯನ್ನೇ ಹಿಡಿದಿದೆ” ಎಂದು ಒಬ್ಬಳು ಹೇಳಿದ್ದೇ ಸೈ, ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿಯಾಯಿತು.

ಹೇಮರಾಜರು ಪುಷ್ಪಾವತಿಯಮ್ಮನ ಗಂಡ. ಮೂವತ್ತು ವರ್ಷ ಬಸದಿಯ ಬೀಗದ ಕೈ, ದೀಪದ ಎಣ್ಣೆ ನೋಡಿಕೊಂಡವರು. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ವಯಸ್ಸು ಇನ್ನೂ ಅರವತ್ತು ತುಂಬಿರಲಿಲ್ಲ, ಒಂದು ದಿನ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಮರುದಿನವೂ ಸರಿಸಿದರು. ಅಷ್ಟರಲ್ಲಿ ಅವರ ಮಾತು ತೊದಲತೊಡಗಿತ್ತು, ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದರು. ಊಟ ತೊರೆದು ದೇಹ ಬಿಡುವ ವ್ರತವೆಂದರೆ ಹುಡುಗಾಟವಲ್ಲ. ಗುರುಗಳ ಅಪ್ಪಣೆ ಬೇಕು, ಎಚ್ಚರದಲ್ಲಿ ಬಾಯಿಬಿಟ್ಟು ಕೇಳಬೇಕು, ಅದಕ್ಕೆ ಕ್ರಮ ಉಂಟು. ಹೇಮರಾಜರು ಏನನ್ನೂ ಕೇಳಿರಲಿಲ್ಲ. ಅವರ ತಮ್ಮ ಶಶಿರಾಜ್ ಅಣ್ಣನ ಮುಖ ನೋಡಿ, “ಅಣ್ಣ ಮನಸ್ಸಿನಲ್ಲೇ ವ್ರತ ಹಿಡಿದಿದ್ದಾರೆ, ನಮ್ಮ ಅಜ್ಜ ಹೋದದ್ದೂ ಹೀಗೆಯೇ” ಎಂದ. ಮನೆಯವರು ನಂಬಿದರು. ಊರೂ ನಂಬಿತು. ಇಪ್ಪತ್ತೊಂದನೆಯ ದಿನ ಅವರು ಹೋದರು. ಶವದ ಮುಂದೆ ಅಳಬೇಡಿ ಎಂದು ಹಿರಿಯರು ಹೇಳಿದ್ದರಿಂದ ಪುಷ್ಪಾವತಿಯಮ್ಮ ಅಳಲೂ ಇಲ್ಲ.

ಆಮೇಲಿನ ಏಳು ವರ್ಷ ಆಕೆ ಬದುಕಿದ್ದು ಆ ಒಂದು ಸಾವಿನ ಗೌರವದಲ್ಲಿ. ಮಕ್ಕಳಿಲ್ಲ, ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಆದರೆ ಮದುವೆಮನೆಗೆ ಹೋದರೆ ಜನ ಎದ್ದು ಜಾಗ ಬಿಡುತ್ತಿದ್ದರು, “ಹೇಮರಾಜಣ್ಣನ ಮನೆಯವರು” ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಗಂಡ ತಾನಾಗಿ ಹೋದ, ಬೇಕೆಂದು ಹೋದ, ಗೆದ್ದು ಹೋದ. ಇದೊಂದು ಮಾತು ಆಕೆಯನ್ನು ಬೆಳಿಗ್ಗೆ ಎಬ್ಬಿಸಿ ಸಂಜೆ ಮಲಗಿಸುತ್ತಿತ್ತು. ಅಂದು ಗಂಡ ಮಲಗಿದ್ದಾಗ ಅವರ ಕಾಲ ಬುಡದಲ್ಲಿ ಮುದುಡಿಕೊಳ್ಳುತ್ತಿದ್ದ ಮರಿಯೇ ಈಗ ದೊಡ್ಡದಾಗಿ ಅವರ ದಾರಿ ಹಿಡಿದಿದೆ ಎಂದರೆ ಆಕೆಗೆ ದುಃಖದ ಜೊತೆಗೆ ಏನೋ ಒಂದು ಹೆಮ್ಮೆಯೂ ಆಗದಿರುತ್ತದೆಯೇ?

ಈ ಹೆಮ್ಮೆಗೆ ನೀರೆರಚಿದವಳು ಸಾಧನಾ. ಶಶಿರಾಜನ ಮಗಳು, ಉಜಿರೆಯ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುವವಳು. ಶುಕ್ರವಾರ ಸಂಜೆ ಬಸ್ಸಿಳಿದು ಬಂದವಳೇ ಜಗಲಿಯಲ್ಲಿ ಕೈಮುಗಿದು ನಿಂತವರನ್ನು ನೋಡಿ ಬ್ಯಾಗು ಕೆಳಗೆ ಹಾಕಿದಳು.

“ದೊಡ್ಡಮ್ಮ, ನಿಮಗೆಲ್ಲ ತಲೆ ಸರಿ ಉಂಟಾ? ಪುಚ್ಚೆಗೆ ಹುಷಾರಿಲ್ಲ. ಡಾಕ್ಟ್ರಿಗೆ ತೋರಿಸುದು ಬಿಟ್ಟು ಅಡ್ಡ ಬೀಳ್ತಾರಾ ಯಾರಾದ್ರೂ?”

“ಸಾಧನಾ, ಬಾಯಿ” ಎಂದು ಶಶಿರಾಜ್ ಗದರಿದ.

“ನಾಳೆ ಬಂಟ್ವಾಳಕ್ಕೆ ಕೊಂಡೋಗ್ತೇನೆ. ಅಲ್ಲಿ ಒಬ್ರು ಬೆಕ್ಕಿನ ಡಾಕ್ಟ್ರು ಇದ್ದಾರಂತೆ. ನೀವು ಬರುದಾದ್ರೆ ಬನ್ನಿ, ಇಲ್ಲದಿದ್ರೆ ನಾನೊಬ್ಳೇ.”

ಹಠಮಾರಿ ಹುಡುಗಿ, ಹೇಳಿದ್ದು ಮಾಡುವವಳೇ. ಬೆಕ್ಕು ದಾರಿಯಲ್ಲೇ ಸತ್ತರೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುವವರು ಯಾರು ಎಂದು ಪುಷ್ಪಾವತಿಯಮ್ಮ ಜಪಮಾಲೆ ಸೊಂಟಕ್ಕೆ ಸಿಕ್ಕಿಸಿ ತಾವೂ ಹೊರಟರು. ಬೆತ್ತದ ಬುಟ್ಟಿಯಲ್ಲಿ ಬೈರಾಸು ಹಾಸಿ ಬೊಳ್ಳಿಯನ್ನು ಮಲಗಿಸಿ, ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದರು. ಅಭ್ಯಾಸಬಲದಿಂದ ಒಂದು ಸಣ್ಣ ಡಬ್ಬಿ ಹಾಲನ್ನವನ್ನೂ ಕಟ್ಟಿಕೊಂಡಿದ್ದರು.

ಡಾಕ್ಟರ್ ನಿಝಾರ್ ಕನ್ಯಾನದ ಕಡೆಯ ಬ್ಯಾರಿ ಮುಸ್ಲಿಮರು. ಒಂಬತ್ತು ವರ್ಷ ಶಾರ್ಜಾದಲ್ಲಿ ಅರಬರ ಬೆಕ್ಕುಗಳಿಗೆ ಚಿಕಿತ್ಸೆ ಮಾಡಿ, ಸಾಕಪ್ಪಾ ಸಾಕು ಎಂದು ಊರಿಗೆ ಮರಳಿ ಬಂಟ್ವಾಳದಲ್ಲಿ ಎರಡು ಕೋಣೆಯ ಕ್ಲಿನಿಕ್ ತೆರೆದಿದ್ದರು. “ಇಲ್ಲಿ ಬೆಕ್ಕನ್ನು ಯಾರು ಮಾರಾಯ ಡಾಕ್ಟ್ರ ಹತ್ರ ತರುದು” ಎಂದು ಗೆಳೆಯರು ನಕ್ಕಿದ್ದರು, ನಕ್ಕದ್ದರಲ್ಲಿ ತಪ್ಪೂ ಇರಲಿಲ್ಲ. ಅವರು ಬೊಳ್ಳಿಯನ್ನು ಮೇಜಿನ ಮೇಲಿಟ್ಟು ಹೊಟ್ಟೆ ಒತ್ತಿ ನೋಡಿದರು, ಬಾಯಿ ಬಿಡಿಸಿ ಮೂಗು ಹತ್ತಿರ ಒಯ್ದರು.

“ಕಿಡ್ನಿ ತೊಂದರೆ ಅಮ್ಮ. ಬಾಯಿಯಲ್ಲೇ ಗೊತ್ತಾಗ್ತದೆ, ವಾಸನೆ ನೋಡಿ.”

ಪುಷ್ಪಾವತಿಯಮ್ಮ ಬಗ್ಗಿದರು. ಬಗ್ಗಿದವರು ಮೇಜಿನ ಅಂಚು ಹಿಡಿದುಕೊಂಡರು. ಹಳಸಿದ ಮೂತ್ರಕ್ಕೆ ತುಕ್ಕಿನ ಕಬ್ಬಿಣ ಬೆರೆತಂಥ ಆ ವಾಸನೆ ಆಕೆಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಏಲಕ್ಕಿ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ ಗಂಡನ ಬಾಯಿ ಒರೆಸುತ್ತ ಇಪ್ಪತ್ತೊಂದು ದಿನ ಕೂತವರು ಆಕೆ. ಅದು ದೇಹ ಶುದ್ಧವಾಗುವ ವಾಸನೆ ಎಂದು ಯಾರೋ ಹಿರಿಯ ಹೆಂಗಸು ಹೇಳಿದ್ದಳು. ಧೂಪ ಹಾಕಿದರೂ ಅದು ಕೋಣೆ ಬಿಟ್ಟು ಹೋಗುತ್ತಿರಲಿಲ್ಲ.

ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಮನುಷ್ಯರದ್ದೇ ಲ್ಯಾಬಿನಲ್ಲಿ, ಮನುಷ್ಯರ ಸರದಿ ಮುಗಿದ ಮೇಲೆ ಆಯಿತು. ನಿಝಾರ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಒಂದು ನಾಳ ಉಂಟು. ಬೆಕ್ಕಿನದ್ದು ಹೊಲಿಗೆ ನೂಲಿನಷ್ಟು ಸಪೂರ. ಇಲ್ಲಿ ನೋಡಿ, ಬಿಳಿ ಚುಕ್ಕೆ. ಅದು ಕಲ್ಲು. ಎಡದ ಕಿಡ್ನಿ ಯಾವ ಕಾಲದಲ್ಲೋ ಸುರುಟಿ ಹೋಗಿದೆ, ನಿಮಗೂ ಗೊತ್ತಾಗಿಲ್ಲ, ಅದಕ್ಕೂ ಗೊತ್ತಾಗಿಲ್ಲ. ಬಲದ್ದು ಒಂದೇ ದುಡಿಯುತ್ತಿದ್ದದ್ದು. ಈಗ ಅದರ ದಾರಿ ಬಂದ್. ಕಿಡ್ನಿ ಊದಿಕೊಂಡಿದೆ, ವಿಷ ರಕ್ತಕ್ಕೆ ಏರಿದೆ.”

“ಅದು ಊಟ ಬೇಡ ಅಂತ ಬಿಟ್ಟದ್ದಲ್ಲವಾ ಹಾಗಾದ್ರೆ?”

“ಯಾವ ಬೆಕ್ಕಮ್ಮ ಬೇಡ ಅಂತ ಬಿಡ್ತದೆ? ಹೊಟ್ಟೆ ಕೇಳ್ತದೆ, ಅನ್ನದ ವಾಸನೆ ಬಂದ ಕೂಡ್ಲೇ ಓಕರಿಕೆ. ತಿನ್ಲಿಕ್ಕೆ ಆಗುದಿಲ್ಲ, ಅಷ್ಟೇ.”

“ಬದುಕ್ತದಾ?” ಎಂದು ಸಾಧನಾ ಕೇಳಿದಳು.

“ಆಪರೇಷನ್ ಮಾಡದಿದ್ರೆ ಎರಡು ದಿನ, ಹೆಚ್ಚೆಂದರೆ ಮೂರು. ಮಾಡಿದ್ರೆ ಮೇಜಿನ ಮೇಲೆಯೇ ಹೋಗಬಹುದು. ಸುಳ್ಳು ಹೇಳುವುದಿಲ್ಲ. ಕಲ್ಲು ಮೂತ್ರಚೀಲದ ಹತ್ತಿರವೇ ಕೂತದ್ದು ನಮ್ಮ ಪುಣ್ಯ. ಅದರ ಮೇಲ್ಗಡೆ ನಾಳ ಕತ್ತರಿಸಿ, ಚೀಲಕ್ಕೆ ಬೇರೆ ತೂತು ಮಾಡಿ ಅಲ್ಲಿಗೆ ಜೋಡಿಸುವುದು. ಶಾರ್ಜಾದಲ್ಲಿ ಐದು ಮಾಡಿದ್ದೇನೆ. ಮೂರು ಬದುಕಿವೆ.”

“ಬೇಡ” ಎಂದರು ಪುಷ್ಪಾವತಿಯಮ್ಮ. “ಬಿಡಿ ಡಾಕ್ಟ್ರೇ. ಚೂರಿ ಹಾಕುದು ಬೇಡ. ಅದರ ಪಾಡಿಗೆ ಅದು ಹೋಗ್ಲಿ.”

ದೊಡ್ಡಮ್ಮನಿಗೆ ರಕ್ತದ ಭಯ, ಹಿಂಸೆಯ ಭಯ ಎಂದುಕೊಂಡಳು ಸಾಧನಾ. ಅಲ್ಲ. ಭಯ ಬೇರೆಯೇ ಇತ್ತು. ಬೊಳ್ಳಿ ಸತ್ತರೆ ಅದು ವ್ರತ. ಬದುಕಿ ಹಾಲನ್ನಕ್ಕೆ ಬಾಯಿಟ್ಟರೆ ಅದು ರೋಗ. ಬೆಕ್ಕಿನದು ರೋಗವಾದರೆ, ಅದೇ ವಾಸನೆ, ಅದೇ ನಿದ್ದೆ, ಹಾಗೆಯೇ ಮುಖ ತಿರುಗಿಸಿದ್ದು, ಇದೆಲ್ಲ ಇದ್ದ ಹೇಮರಾಜರದ್ದು ಏನು? ಐವತ್ತೆಂಟು ವರ್ಷದ ಮನುಷ್ಯನಿಗೆ ಮದ್ದು ಕೊಡಿಸದೆ ಸುತ್ತ ಕೂತು ಕೈಮುಗಿದವರು ಏನಾದರು?

ನಿಝಾರ್ ಒತ್ತಾಯ ಮಾಡಲಿಲ್ಲ. ಬುಟ್ಟಿಯಲ್ಲಿದ್ದ ಡಬ್ಬಿ ಕಂಡು, “ಅದೇನು ಹಾಲನ್ನವಾ? ಅದರ ಮುಂದೆ ಇಡಿ, ನೋಡುವ” ಎಂದರು.

ಇಟ್ಟರು. ಬೊಳ್ಳಿ ಮೂಸಿತು, ಗಂಟಲು ಎಳೆಯಿತು, ಮುಖ ತಿರುಗಿಸಿತು. ಪುಷ್ಪಾವತಿಯಮ್ಮನ ಕೈ ತಾನಾಗಿ ಡಬ್ಬಿಯತ್ತ ಹೋಯಿತು. ಮನೆಯಲ್ಲಿ ಹಾಗೆಯೇ ಮಾಡುತ್ತಿದ್ದದ್ದು. ವ್ರತ ಹಿಡಿದವರ ಮುಂದೆ ಅನ್ನ ಉಳಿಯಬಾರದು, ಅದು ಅವರ ಮನಸ್ಸು ಕೆಡಿಸಿದ ಹಾಗೆ ಎಂದು ಮುಖ ತಿರುಗಿಸಿದ ಕ್ಷಣವೇ ಬಟ್ಟಲೆತ್ತಿ ಒಳಗೆ ಒಯ್ಯುತ್ತಿದ್ದರು.

“ತೆಗೀಬೇಡಿ ಅಮ್ಮ. ಸ್ವಲ್ಪ ಹೊತ್ತು ಇರ್ಲಿ.”

ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಹೋಯಿತು. ಬೊಳ್ಳಿ ಕತ್ತು ತಿರುಗಿಸಿತು. ನಡುಗುವ ಕಾಲಿನಲ್ಲಿ ಎದ್ದು ಎರಡು ಹೆಜ್ಜೆ ಬಂದು ಡಬ್ಬಿಗೆ ಮೂತಿ ತಾಗಿಸಿ ನಾಲಗೆ ಹೊರಹಾಕಿತು. ಆಗಲಿಲ್ಲ. ಹಿಂದೆ ಸರಿದು ಕೂತು, ಮತ್ತೆ ಬಂತು.

“ನೋಡಿ” ಎಂದರು ನಿಝಾರ್ ಮೆಲ್ಲಗೆ, “ಪುನಃ ಬಂತು.”

ಪುಷ್ಪಾವತಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಹೇಮರಾಜರ ತಟ್ಟೆಯನ್ನೂ ಆಕೆ ಒಂದು ಕ್ಷಣವೂ ಇಟ್ಟು ನೋಡಿರಲಿಲ್ಲ. ಸರಿಸಿದ ಕೂಡಲೇ ಎತ್ತಿದ್ದರು. ಕೊನೆಯ ವಾರದ ಒಂದು ಸಂಜೆ ಹೇಮರಾಜರು ಕೈಯೆತ್ತಿ ಮೂಲೆಯ ನೀರಿನ ತಂಬಿಗೆ ತೋರಿಸಿದ್ದರು. ಹೊತ್ತು ಮುಳುಗಿತ್ತು. ಸೂರ್ಯ ಇಳಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ, ನೀರಿಲ್ಲ, ಹುಳ ಬಿದ್ದು ಸಾಯಬಾರದೆಂದು ಪಾತ್ರೆಗಳನ್ನೆಲ್ಲ ಕವುಚಿ ಹಾಕುವುದು ಅತ್ತೆಯ ಕಾಲದಿಂದ ಬಂದ ಕ್ರಮ. “ಬೆಳಿಗ್ಗೆ ಕೊಡ್ತೇನೆ” ಎಂದಿದ್ದರು ಆಕೆ. ಅವರು ತಲೆಯಾಡಿಸಿದ್ದರು. ಈ ಸಂಗತಿಯನ್ನು ಆಕೆ ಏಳು ವರ್ಷದಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

“ಮಾಡಿ” ಎಂದರು. ಆಮೇಲೆ, ಏನೋ ಒಂದು ಕೇಳಬೇಕಲ್ಲ ಎಂಬಂತೆ, “ಹೊಲಿಯುವ ನೂಲು ಎಂಥದ್ದು? ರೇಷ್ಮೆಯಾ? ಕರುಳಿನದ್ದಾ?”

ನಿಝಾರ್ ಆ ದಿನ ಮೊದಲ ಬಾರಿ ನಕ್ಕರು. “ನೈಲಾನ್ ಅಮ್ಮ. ಒಂದು ಹುಳವೂ ಸತ್ತಿಲ್ಲ, ಕುರಿಯೂ ಸತ್ತಿಲ್ಲ. ಕಣ್ಣಿನ ಆಪರೇಷನ್ನಿನ ನೂಲು, ಕೂದಲಿಗಿಂತ ಸಪೂರ. ನಾಳೆ ಆದಿತ್ಯವಾರ, ಇಲ್ಲಿಯ ಕಣ್ಣಿನ ಡಾಕ್ಟ್ರು ನನ್ನ ದೋಸ್ತಿ, ಅವರ ಭೂತಗನ್ನಡಿಯೂ ಖಾಲಿ ಇರ್ತದೆ. ಇವತ್ತು ಡ್ರಿಪ್ ಹಾಕಿ ಇಟ್ಟುಕೊಳ್ತೇನೆ.”

ಮರುದಿನ ಬೆಳಿಗ್ಗೆ ಅವರು ತಲುಪುವಾಗ ಬೊಳ್ಳಿಯ ಹೊಟ್ಟೆಯ ಕೂದಲು ಬೋಳಿಸಿಯಾಗಿತ್ತು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸೌದಾ ಈಗ ನಿಝಾರರ ಸಹಾಯಕಿ. ಕತ್ತರಿ ಚಿಮುಟ ಕೊಡಲು ಆಕೆಯ ಎರಡು ಕೈಯೇ ಸಾಲದು. ಉಸಿರು ನೋಡಿಕೊಳ್ಳಲು ಇನ್ನೊಬ್ಬರು ಬೇಕು, ಅದಕ್ಕೆ ಯಂತ್ರ ಇಲ್ಲ. ಸಾಧನಾ ಬಹಳ ಧೈರ್ಯದಿಂದ ಮುಂದೆ ಬಂದಳು. ಚರ್ಮದ ಮೇಲೆ ಮೊದಲ ಗೆರೆ ಬಿದ್ದದ್ದೇ ತಡ, ಬಿಎಸ್ಸಿಯ ಧೈರ್ಯವೆಲ್ಲ ಇಳಿದು ಮುಖ ಸುಣ್ಣದಂತಾಯಿತು. ಸೌದಾ ಅವಳನ್ನು ಹೊರಗಿನ ಬೆಂಚಿಗೆ ಕಳಿಸಿ, “ಅಮ್ಮ, ನೀವು ಬನ್ನಿ” ಎಂದಳು.

“ಹೊಟ್ಟೆ ನೋಡ್ಬೇಡಿ” ಎಂದರು ನಿಝಾರ್, ಕಣ್ಣಿಗೆ ಕನ್ನಡಿ ಕಟ್ಟಿಕೊಂಡು. “ಎದೆ ಮಾತ್ರ ನೋಡಿ. ಏರಿದಾಗ ಒಂದು ಮಣಿ ಎಳೀರಿ. ಏರದಿದ್ರೆ ಕೂಡ್ಲೇ ಹೇಳ್ಬೇಕು. ನಾನು ಕಣ್ಣು ಎತ್ತುದಿಲ್ಲ, ನಿಮ್ಮ ಮೇಲೆ ಬಿಟ್ಟಿದ್ದೇನೆ.”

ಪುಷ್ಪಾವತಿಯಮ್ಮ ಜಪಮಾಲೆ ತೆಗೆದರು. ಏರಿತು, ಒಂದು. ಏರಿತು, ಎರಡು. ಗಂಡನ ಕೊನೆಯ ಬೆಳಿಗ್ಗೆಯೂ ಇದೇ ಮಾಲೆ ಹಿಡಿದು ಇದೇ ಕೆಲಸ ಮಾಡಿದ್ದರು. ಆಗ ಉಸಿರು ನಿಂತರೆ ಯಾರಿಗೂ ಹೇಳಬೇಕಾಗಿರಲಿಲ್ಲ, ಸುತ್ತ ಇದ್ದವರು ಕಾಯುತ್ತಿದ್ದದ್ದೇ ಅದಕ್ಕೆ. ನೂರೆಂಟು ಮಣಿ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ನಿಝಾರರ ಬೆರಳು ಕದಲುವುದೇ ಕಾಣುತ್ತಿರಲಿಲ್ಲ. “ನಾಳ ಸಿಕ್ಕಿತು” ಎಂದರು ಒಮ್ಮೆ. “ಕತ್ತರಿಸಿದೆ” ಎಂದರು ಇನ್ನೊಮ್ಮೆ. ಸೌದಾ ಅವರ ಹಣೆಯ ಬೆವರು ಒರೆಸಿದಳು. ಮಾಲೆ ನಾಲ್ಕನೆಯ ಸುತ್ತಿನಲ್ಲಿತ್ತು.

ಏರಿತು. ಇಳಿಯಿತು. ಮತ್ತೆ ಏರಲಿಲ್ಲ.

ಪುಷ್ಪಾವತಿಯಮ್ಮನ ಹೆಬ್ಬೆರಳು ಮಣಿಯ ಮೇಲೆ ನಿಂತಿತು. ಹೇಳಬೇಕು. ಬಾಯಿ ತೆರೆಯಲಿಲ್ಲ. ಇಷ್ಟೇ ಸಾಕು, ಸುಮ್ಮನಿದ್ದರಾಯಿತು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಯಾರೂ ತಪ್ಪು ಹಿಡಿಯುವುದಿಲ್ಲ. ಬೊಳ್ಳಿ ನೋವಿಲ್ಲದೆ ಹೋಗುತ್ತದೆ, ಬೀದಿಯ ಹೆಂಗಸರು ಹೂವು ತರುತ್ತಾರೆ, ಹೇಮರಾಜರು ಹೇಮರಾಜರಾಗಿಯೇ ಉಳಿಯುತ್ತಾರೆ. ಒಂದು ಪಂಚನಮಸ್ಕಾರ ಹೇಳುವಷ್ಟು ಹೊತ್ತು ಆಕೆ ಸುಮ್ಮನೆ ಕೂತರು. ಅಷ್ಟರಲ್ಲಿ ಬೊಳ್ಳಿಯ ನಾಲಗೆಯ ತುದಿ ಕಣ್ಣಿಗೆ ಬಿತ್ತು. ನಿನ್ನೆ ಡಬ್ಬಿಯತ್ತ ಹೊರಬಂದದ್ದು ಅದೇ ನಾಲಗೆ. ಗುಲಾಬಿ ಬಣ್ಣ ಹೋಗಿ ನೀಲಿಗೆ ತಿರುಗುತ್ತಿತ್ತು.

“ಉಸಿರಿಲ್ಲ!” ಎಂದು ಕಿರುಚಿದರು. “ಡಾಕ್ಟ್ರೇ, ಉಸಿರಿಲ್ಲ! ಉಸಿರಿಲ್ಲ!”

ಸೌದಾ ಚಿಮುಟ ಬಿಸಾಡಿ ನಾಲಗೆ ಎಳೆದಳು. ನಿಝಾರ್ ಒಂದು ಕೈಯಲ್ಲಿ ಸೂಜಿ ಕದಲದ ಹಾಗೆ ಹಿಡಿದು ಇನ್ನೊಂದು ಕೈಯ ಎರಡು ಬೆರಳಿನಿಂದ ಎದೆ ಒತ್ತಿದರು. ಒತ್ತಿದರು, ಬಿಟ್ಟರು, ಒತ್ತಿದರು. ಸೌದಾ ಇಂಜೆಕ್ಷನ್ ಚುಚ್ಚಿದಳು. ಪುಷ್ಪಾವತಿಯಮ್ಮ ಮಾಲೆ ಕೈಬಿಟ್ಟು, “ಬಾ, ಬಾ ಮಗಾ, ಹೋಗ್ಬೇಡ, ಬಾ” ಎಂದು ಬೆಕ್ಕಿನ ಕಿವಿಯಲ್ಲಿ ಹೇಳತೊಡಗಿದರು. ಗಂಡನಿಗೆ ಹಾಗೆ ಹೇಳಲು ಅವರಿಗೆ ಅಪ್ಪಣೆ ಇರಲಿಲ್ಲ.

ಎದೆ ಏರಿತು.

ಹೊಲಿಗೆ ಮುಗಿದ ಮೇಲೆ ನಿಝಾರ್ ಬಿಳಿ ಬಟ್ಟೆಯ ಚೂರಿನಲ್ಲಿ ಕಲ್ಲನ್ನು ತೋರಿಸಿದರು. ಎಳ್ಳಿನ ಅರ್ಧದಷ್ಟೂ ಇರಲಿಲ್ಲ. “ಇದಾ?” ಎಂದರು ಪುಷ್ಪಾವತಿಯಮ್ಮ. “ಇದೇ” ಎಂದರು ನಿಝಾರ್. ಆಕೆ ಅದನ್ನು ಬಹಳ ಹೊತ್ತು ನೋಡುತ್ತ ಕೂತರು.

ಎರಡನೆಯ ದಿನ ಬೊಳ್ಳಿ ಮೂತ್ರ ಮಾಡಿತು. ಅದಕ್ಕೆ ಸೌದಾ ಮೂಡುಬಿದಿರೆಗೆ ಫೋನು ಮಾಡಿ, ಹೆರಿಗೆ ಸುದ್ದಿ ಹೇಳುವ ಹಾಗೆ ಸಡಗರದಿಂದ ಹೇಳಿದಳು. ಸಾಧನಾ ಉಜಿರೆಗೆ ಮರಳಿದ್ದರಿಂದ ನಾಲ್ಕನೆಯ ದಿನ ಪುಷ್ಪಾವತಿಯಮ್ಮ ಒಬ್ಬರೇ ಬಸ್ಸಿನಲ್ಲಿ ಹೋಗಿ ಹಾಲನ್ನದ ಡಬ್ಬಿ ತೆರೆದಿಟ್ಟರು. ಬೊಳ್ಳಿ ಮೂಸಿತು. ತಿಂದಿತು. ಡಬ್ಬಿಯ ತಳ ನೆಕ್ಕಿ, ಅದನ್ನು ಮೇಜಿನ ತುದಿಯವರೆಗೆ ತಳ್ಳಿಕೊಂಡು ಹೋಗಿ ಮತ್ತೂ ನೆಕ್ಕಿತು. ಪುಷ್ಪಾವತಿಯಮ್ಮ ಅತ್ತರು. ಏಳು ವರ್ಷದ ಹಿಂದೆ ಅಳದೆ ಉಳಿಸಿಕೊಂಡದ್ದೆಲ್ಲ ಆ ಕ್ಲಿನಿಕ್ಕಿನ ಸ್ಟೂಲಿನ ಮೇಲೆ ಕೂತು ಅತ್ತರು. ಸಂತೋಷಕ್ಕೆ ಅಳುತ್ತಾರೆಂದು ಸೌದಾ ನೀರು ತರಲು ಹೋದಳು.

“ಡಾಕ್ಟ್ರೇ, ಬಾಯಿಯ ಆ ವಾಸನೆ ಮನುಷ್ಯರಿಗೂ ಬರ್ತದಾ?”

ನಿಝಾರ್ ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ಆಕೆಯ ಮುಖ ನೋಡಿ ಅವರಿಗೆ ಅರ್ಥವಾಯಿತು. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಆಕೆ ನಂಬುತ್ತಲೂ ಇದ್ದರೋ ಏನೋ.

“ಬರ್ತದೆ ಅಮ್ಮ.”

“ಅವರಿಗೂ ಹೊಟ್ಟೆ ಕೇಳ್ತದಾ?”

“ಕೆಲವರಿಗೆ ಕೇಳ್ತದೆ.” ಕೈ ಒರೆಸಿಕೊಳ್ಳುತ್ತ, “ನೋಡದೆ ನಾನು ಏನೂ ಹೇಳ್ಲಿಕ್ಕೆ ಆಗುದಿಲ್ಲ. ಮದ್ದು ಮಾಡಿದ್ರೂ ಎಷ್ಟೋ ಜನ ಉಳಿಯುದಿಲ್ಲ.”

“ಆ ದಿನ ಉಸಿರು ನಿಂತಾಗ ನಾನು ತಡ ಮಾಡಿ ಹೇಳಿದ್ದು.”

“ಗೊತ್ತುಂಟು” ಎಂದರು ನಿಝಾರ್. “ಎದೆ ಮುಟ್ಟುವಾಗಲೇ ಗೊತ್ತಾಯ್ತು. ಆದ್ರೆ ಹೇಳಿದ್ರಲ್ಲ ಅಮ್ಮ. ನೀವು ಹೇಳಿದ್ದಕ್ಕೆ ಅದು ಬದುಕಿದ್ದು.” ಆಮೇಲೆ ಚೀಟಿ ಬರೆಯುತ್ತ, “ಒಂದೇ ಕಿಡ್ನಿ. ಹಗಲು ರಾತ್ರಿ ಮುಂದೆ ನೀರು ಇರ್ಬೇಕು. ಅದು ತಪ್ಪಬಾರದು” ಎಂದರು.

ಬೊಳ್ಳಿ ಮನೆಗೆ ಬಂದ ದಿನ ಬೀದಿಯ ಹೆಂಗಸರು ಬಂದು ನೋಡಿ, ಬಟ್ಟಲು ನೆಕ್ಕುವ ಬೆಕ್ಕಿಗೆ ಕೈಮುಗಿಯಬೇಕೋ ಬೇಡವೋ ಗೊತ್ತಾಗದೆ ಹಿಂತಿರುಗಿದರು. ಸಂಜೆ ಶಶಿರಾಜ್ ಒಂದು ಕಾಗದ ಹಿಡಿದು ಅತ್ತಿಗೆಯ ಜಗಲಿಗೆ ಬಂದ. ಅಣ್ಣನ ಏಳನೆಯ ಪುಣ್ಯತಿಥಿಗೆ ಹಾಕಿಸುವ ಫಲಕದ ಒಕ್ಕಣೆ. ಆಹಾರ ಪಾನೀಯಗಳನ್ನು ಸ್ವ-ಇಚ್ಛೆಯಿಂದ ತ್ಯಜಿಸಿ ಎಂದು ಶುರುವಾಗುತ್ತಿತ್ತು. ಪುಷ್ಪಾವತಿಯಮ್ಮ ಕನ್ನಡಕ ಹಾಕಿ ಓದಿ ಕಾಗದವನ್ನು ಮಡಚಿ ಹಿಂದೆ ಕೊಟ್ಟರು.

“ಬೇಡ ಶಶಿ.”

“ಯಾಕೆ ಅತ್ತಿಗೆ?”

“ಅವರು ಬಿಟ್ಟದ್ದಲ್ಲ. ಅವರಿಗೆ ಆಗ್ಲಿಲ್ಲ. ಬಟ್ಟಲು ತೆಗೆದದ್ದು ನಾವು.”

ಶಶಿರಾಜನ ಮುಖ ಕಪ್ಪಿಟ್ಟಿತು. “ಒಂದು ಪುಚ್ಚೆಗೆ ಗುಣ ಆಯ್ತಂತ ಅಣ್ಣನ ಹೆಸರು ಕೆಡಿಸ್ತೀರಾ? ಜನ ಎಂತ ಹೇಳಿಯಾರು?” ಎಂದ. ಆಮೇಲೆ ಮೆಟ್ಟಿಲ ಮೇಲೆ ಕೂತು ಮುಖ ಉಜ್ಜಿಕೊಂಡ. ಆ ಇಪ್ಪತ್ತೊಂದು ದಿನ ಧೂಪ ಹಾಕುತ್ತಿದ್ದವನು ಅವನೇ. ವಾಸನೆ ಅವನಿಗೂ ನೆನಪಿತ್ತು.

ಹೊತ್ತು ಮುಳುಗಿತು. ಒಳಗೆ ಪಾತ್ರೆಗಳನ್ನೆಲ್ಲ ಕವುಚಿಯಾಗಿತ್ತು. ಪುಷ್ಪಾವತಿಯಮ್ಮ ಒಂದು ಅಗಲದ ಬಟ್ಟಲನ್ನು ಎತ್ತಿ ಸರಿ ಮಾಡಿ, ಬಟ್ಟೆಯಲ್ಲಿ ಸೋಸಿದ ನೀರು ತುಂಬಿ ತಂದು ಜಗಲಿಯಲ್ಲಿ ಇಟ್ಟರು. ಹುಳ ಬೀಳಬಾರದಲ್ಲ, ಅದಕ್ಕೆ ತಾವೇ ಪಕ್ಕದಲ್ಲಿ ಕೂತು ಬೀಸಣಿಗೆ ಹಿಡಿದರು.

“ಕತ್ತಲಾಯ್ತು ಅತ್ತಿಗೆ” ಎಂದ ಶಶಿರಾಜ್. ಮಾತಿನಲ್ಲಿ ಸಿಟ್ಟು ಇರಲಿಲ್ಲ.

“ಗೊತ್ತುಂಟು.”

ಬೊಳ್ಳಿ ಬಂದು ಬಟ್ಟಲು ಮೂಸಿ, ಮುಖ ತಿರುಗಿಸಿ ಆಚೆ ಹೋಯಿತು. ಪುಷ್ಪಾವತಿಯಮ್ಮ ಕೈ ಚಾಚಲಿಲ್ಲ. ಬೀಸಣಿಗೆ ಆಡಿಸುತ್ತ ಕಾದರು. ತುಂಬ ಹೊತ್ತು ಕಾದರು. ಬೊಳ್ಳಿ ತಿರುಗಿ ಬಂದು, ಕೂತು, ತಲೆ ಬಗ್ಗಿಸಿ ಕುಡಿಯತೊಡಗಿತು.

“ಕುಡಿ” ಎಂದರು ಆಕೆ. “ನಿಧಾನ ಕುಡಿ. ನಾನು ತೆಗೆಯುದಿಲ್ಲ.”